ಕೆಲಸ ಕಲಿಸಿದ ಅಣ್ಣನ ತಪ್ಪು ಓನರ್‌ಗೆ ಹೇಳಲೇ?

ಪ್ರಶ್ನೆ: ತುಮಕೂರಿನ ಹಿರೇಹಳ್ಳಿ ಇಂಡಸ್ಟ್ರಿಯಲ್ ಏರಿಯಾದ ಚಿಕ್ಕ ಮಷಿನ್ ಶಾಪ್‌ನಲ್ಲಿ ನಾನು ಸೂಪರ್‌ವೈಸರ್. ಒಟ್ಟು 18 ಜನ ಇದ್ದೇವೆ. ನನಗೆ ಕೆಲಸ ಕಲಿಸಿದ ಅಣ್ಣ ಇನ್ಸೆಂಟಿವ್‌ಗೋಸ್ಕರ ರಿಜೆಕ್ಟ್ ಪೀಸ್‌ಗಳನ್ನೂ ಒಳ್ಳೆಯದರ ಜೊತೆ ಸೇರಿಸುತ್ತಿದ್ದಾರೆ. ಮೊನ್ನೆ ಒಂದು ಲಾಟ್ ವಾಪಸ್ ಬಂತು. ತಪ್ಪೆಲ್ಲ ನೈಟ್ ಶಿಫ್ಟ್‌ನ ಐಟಿಐ ಹುಡುಗನ ತಲೆಗೆ ಬಿತ್ತು. ಅವನ ಸಂಬಳದಲ್ಲಿ ಹಿಡಿಯುತ್ತಾರಂತೆ. ‘ನಾವೆಲ್ಲ ಒಂದೇ ಮನೆಯವರು’ ಎನ್ನುವ ಓನರ್‌ಗೆ ಹೇಳಿದರೆ ಅಣ್ಣನ ಕೆಲಸ ಹೋಗಬಹುದು. ಏನು ಮಾಡಲಿ?

ಉತ್ತರ: ನಿಮ್ಮಲ್ಲಿ ಸಂಬಳ ಯಾವತ್ತು? ಅದಕ್ಕೆ ಮುಂಚೆ ಆ ಹುಡುಗನ ವಿಷಯ ಮುಗಿಯಬೇಕು. ನಷ್ಟದ ಹೆಸರಲ್ಲಿ ಸಂಬಳ ಹಿಡಿಯುವ ಮೊದಲು ಕೆಲಸಗಾರನ ಮಾತು ಕೇಳಲೇಬೇಕು. 1936ರ ವೇತನ ಪಾವತಿ ಕಾಯ್ದೆಯಲ್ಲೂ ಹೀಗೇ ಇತ್ತು, 2019ರ ವೇತನ ಸಂಹಿತೆಯಲ್ಲೂ ಹೀಗೇ ಇದೆ. ಇದಕ್ಕೆ ಯಾರ ಹೆಸರೂ ಎತ್ತಬೇಕಾಗಿಲ್ಲ. ‘ಸಾರ್, ಹಿಡಿಯೋ ಮುಂಚೆ ಆ ಲಾಟಿನ ರಿಜಿಸ್ಟರ್ ಒಂದ್ಸಲ ಕೂತು ನೋಡೋಣ’ ಅಂತ ನಾಳೆಯೇ ಹೇಳಿ.

ರಿಜಿಸ್ಟರ್ ತಾನೇ ಬಾಯಿ ಬಿಡುತ್ತದೆ. ಇನ್ಸರ್ಟ್, ಅಂದರೆ ಲೋಹ ಕೊರೆಯುವ ಚಿಕ್ಕ ಅಲಗು, ಸವೆದ ಹಾಗೆ ಬೋರ್, ಅಂದರೆ ಪೀಸಿನ ತೂತು, ಸ್ವಲ್ಪ ಸ್ವಲ್ಪವೇ ಚಿಕ್ಕದಾಗುತ್ತದೆ ಅಲ್ವಾ? ಬೆಳಿಗ್ಗೆ 20.01 ಮಿ.ಮೀ., ಸಂಜೆ ಕೊನೆಯ ಪೀಸಿಗೂ 20.01 ಅಂತಿದ್ದರೆ ಅದು ಅಳೆದದ್ದಲ್ಲ, ಸುಮ್ನೆ ಬರೆದದ್ದು. ಉಳಿದ ಪೀಸ್‌ಗಳಿಗೆ ತೂತಿನ ಅಳತೆ ನೋಡುವ ಪ್ಲಗ್ ಗೇಜ್ ಹಾಕಿ. ಅದರ ‘ಗೋ’ ಕಡೆ ಒಳಗೆ ಹೋಗದಿದ್ದರೆ ಮುಗೀತು, ಪೀಸ್ ರಿಜೆಕ್ಟ್. ಗೇಜ್‌ಗೆ ಅಣ್ಣ, ತಮ್ಮ ಅನ್ನೋ ಮುಲಾಜಿಲ್ಲ.

ಅಣ್ಣ ಹೀಗೇಕೆ ಮಾಡಿದರು ಅನ್ನೋದು ನಿಮಗೂ ಗೊತ್ತು. ಇನ್ಸರ್ಟ್ ಬದಲಿಸಿ, ಮಷಿನ್‌ಗೆ ಆಫ್‌ಸೆಟ್ (ಅಳತೆಯ ತಿದ್ದುಪಡಿ) ಕೊಟ್ಟು, ಮೊದಲ ಪೀಸ್ ಅಳೆಯುವಷ್ಟರಲ್ಲಿ ಎಣಿಕೆ ಹಿಂದೆ ಬೀಳುತ್ತದೆ. ದುಡ್ಡು ಸಿಗೋದು ಎಣಿಕೆಗೆ. ಎರಡೂ ಶಿಫ್ಟಿನ ಒಳ್ಳೆಯ ಪೀಸ್ ಒಟ್ಟಿಗೆ ಲೆಕ್ಕ ಹಾಕಿ ಇನ್ಸೆಂಟಿವ್ ಕೊಟ್ಟಿದ್ದರೆ ಅವರೇ ರಾತ್ರಿಯ ಹುಡುಗನಿಗೆ ಕೆಲಸ ಹೇಳಿಕೊಡುತ್ತಿದ್ದರೇನೋ. ಇದರಲ್ಲಿ ಓನರ್ ಪಾಲೂ ಇದೆ. ಅಂದ ಹಾಗೆ, ಈ ‘ಒಂದೇ ಮನೆ’ ಮಾತು ನನಗೆ ಅಷ್ಟು ಹಿಡಿಸಲ್ಲ. ಮನೆಯಲ್ಲಿ ಗಡಿಗೆ ಒಡೆದರೆ ಕಿರಿಯವನ ಊಟದಲ್ಲಿ ಹಿಡಿಯುತ್ತಾರಾ?

ರಿಜಿಸ್ಟರ್ ತೆಗೆಯುವ ಮುಂಚೆ ಅಣ್ಣನ ಜೊತೆ ಮಾತಾಡಿ. ಶಾಪ್‌ನಲ್ಲಿ ಬೇಡ, ಅಲ್ಲಿ ನೀವು ಸೂಪರ್‌ವೈಸರ್. ಕ್ಯಾತ್ಸಂದ್ರಕ್ಕೆ ತಟ್ಟೆ ಇಡ್ಲಿ ತಿನ್ನೋಕೆ ಕರೆದುಕೊಂಡು ಹೋಗಿ. ‘ಅಣ್ಣ, ಆ ಲಾಟ್ ವಿಷಯ ನನಗೆ ಗೊತ್ತು. ನೀವೇ ಹೇಳಿಬಿಡಿ, ನಾನೂ ಜೊತೆಗೆ ಬರ್ತೀನಿ. ಸಂಬಳದೊಳಗೆ ಆಗಲಿಲ್ಲ ಅಂದ್ರೆ ನಾನೇ ಹೇಳ್ತೀನಿ.’ ಆ ಕೊನೆಯ ಮಾತು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ, ಆದರೂ ನುಂಗಬೇಡಿ. ಅವರು ಸಿಟ್ಟಾಗಿ ಮಾತು ಬಿಡಬಹುದು. ಬಿಡಲಿ. ಕೆಲಸ ಹೋಗೇ ಹೋಗುತ್ತದೆ ಅಂತಲೂ ಅಂದುಕೊಳ್ಳಬೇಡಿ. ಕೈ ಪಳಗಿದ ಆಪರೇಟರ್‌ನನ್ನು 18 ಜನರ ಶಾಪ್ ಅಷ್ಟು ಸುಲಭಕ್ಕೆ ಕಳೆದುಕೊಳ್ಳಲ್ಲ.

ಇನ್ನೊಂದು ವಿಷಯ ನೀವು ಪತ್ರದಲ್ಲಿ ಬರೆದಿಲ್ಲ. ಆ ಲಾಟ್ ಹೊರಗೆ ಹೋಗುವಾಗ ಸಹಿ ಹಾಕಿದ್ದು ಯಾರು? ನೀವೇ ಆಗಿದ್ದರೆ, ಓನರ್ ಮುಂದೆ ಕೂತಾಗ ಮೊದಲು ಅದನ್ನೇ ಹೇಳಿ.