ಬೀಡಿ ಕಟ್ಟಿನ ಮೇಲಿನ ಚಿತ್ರ ಯಾರ ಐಡಿಯಾ?

ಪ್ರಶ್ನೆ: ಡಾಕ್ಟ್ರೇ, ನಮ್ಮಪ್ಪಂಗೆ ಶುಗರ್ ಇದೆ, ಆದ್ರೂ ದಿನಕ್ಕೊಂದು ಕಟ್ಟು ಬೀಡಿ ಬೇಕೇ ಬೇಕು. ಕಟ್ಟಿನ ಮೇಲಿರೋ ಚಿತ್ರ ತೋರ್ಸಿದ್ರೆ ಹೆಬ್ಬೆಟ್ಟಲ್ಲಿ ಮುಚ್ಕೊಂಡು ಹಚ್ತಾರೆ. ದುಬೈ ಸಿಗರೇಟ್ ಪ್ಯಾಕ್ ಮೇಲೂ ಇಂಥವೇ ಇರ್ತವೆ ಅಂತ ನಮ್ಮಣ್ಣ ಅಂದ. ಇದೇನು ಎಲ್ಲಾ ದೇಶ ಸೇರಿ ಮಾಡಿರೋ ರೂಲ್ಸಾ?
- ಓದುಗರು, ಶಿರಾ, ತುಮಕೂರು ಜಿಲ್ಲೆ

ಉತ್ತರ: ಹೆಬ್ಬೆಟ್ಟಿನ ಕತೆಗೆ ನಗು ಬಂತಮ್ಮ, ಅದಕ್ಕೇ ನೋಡು 2016ರಿಂದ ನಮ್ಮಲ್ಲಿ ಎಚ್ಚರಿಕೆ ಪ್ಯಾಕಿನ ಶೇ. 85 ಜಾಗ ತಗೊಂಡಿರೋದು. ಹೌದು, ಇದರ ಹಿಂದೆ ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ನಿಯಂತ್ರಣ ಒಪ್ಪಂದ ಇದೆ, 2003ರಲ್ಲಿ ಆಗಿದ್ದು, 2005ರಿಂದ ಜಾರಿ, ಭಾರತ 2004ರಲ್ಲೇ ಸೇರ್ತು, ಈಗ 180ಕ್ಕೂ ಹೆಚ್ಚು ದೇಶ ಇವೆ. ಎಚ್ಚರಿಕೆ ಕನಿಷ್ಠ ಶೇ. 30 ಇರ್ಲೇಬೇಕು ಅನ್ನತ್ತೆ ಒಪ್ಪಂದ, ಚಿತ್ರ ಯಾವ್ದು ಅನ್ನೋದು ಆಯಾ ದೇಶದ ಇಷ್ಟ. ಒಬ್ರೇ ಮಾಡಿದ್ರೆ ಆಗಲ್ಲ, ಯಾಕಂದ್ರೆ ಜಾಹೀರಾತೂ ಕಳ್ಳಮಾಲೂ ಗಡಿ ಕೇಳ್ಕೊಂಡು ಬರಲ್ಲ.

ಇನ್ನು ಅಪ್ಪನ ವಿಷ್ಯ. ಬೀಡಿ ಸಿಗರೇಟಿಗಿಂತ ಸೌಮ್ಯ ಅಂತ ಹೇಳಿರ್ತಾರೆ, ಸುಳ್ಳು. ಎಲೆ ಸುತ್ತಿರೋದ್ರಿಂದ ಆರಿಹೋಗ್ತಿರತ್ತೆ, ಜೋರಾಗಿ ಪದೇಪದೇ ಎಳೀಬೇಕು, ಹೊಗೆ ಒಳಗೋಗೋದೇ ಜಾಸ್ತಿ. ಶುಗರ್ ಜೊತೆ ಇದೂ ಸೇರಿದ್ರೆ ರಕ್ತನಾಳಕ್ಕೆ ಎರಡೂ ಕಡೆಯಿಂದ ಏಟು, ಹಾರ್ಟಿಗೆ ಡೇಂಜರ್, ಕಾಲಲ್ಲಿ ಸಣ್ಣ ಗಾಯ ಆದ್ರೂ ಬೇಗ ಮಾಯಲ್ಲ. ದಿನಾ ರಾತ್ರಿ ಅವರ ಪಾದ ನೋಡು. ಬೈಬೇಡ, ಬೈದ್ರೆ ಹಿತ್ಲಿಗೆ ಹೋಗಿ ಸೇದ್ತಾರೆ ಅಷ್ಟೆ. 1800-11-2356 ಬಿಡಿಸೋ ಸಹಾಯವಾಣಿ, ಫ್ರೀ, ಆ ಕಟ್ಟಿನ ಮೇಲೇ ಇರತ್ತೆ, ಹೆಬ್ಬೆಟ್ಟು ಎತ್ತಿಸಿ ನೀನೇ ಡಯಲ್ ಮಾಡಿ ಫೋನ್ ಅವರ ಕೈಗೆ ಕೊಡು.