ಫೋನಿನಲ್ಲಿ ತೆಲುಗು ಬಂತಂತೆ, ಅದಕ್ಕೆ ಉತ್ತರ

ಮೊನ್ನೆ ನೀನು ಫೋನ್ ಮಾಡಿದಾಗ ಯಾರೋ ಹೆಂಗಸು ತೆಲುಗಿನಲ್ಲಿ ಏನೋ ಹೇಳಿ ಕಟ್ ಮಾಡಿದಳಂತೆ. ಆಮೇಲೆ ನಿನ್ನ ಮೆಸೇಜು: "ಏನಪ್ಪಾ, ಆಂಧ್ರಕ್ಕೆ ಹೋಗಿಬಿಟ್ಟೆಯಾ? ಇಲ್ಲ ನಿಮ್ಮೂರಿಗೆ ಇನ್ನೂ ನೆಟ್ಟೇ ಬಂದಿಲ್ವಾ?" ಜೊತೆಗೆ ನಗುವ ಮುಖ ಬೇರೆ. ಆಂಧ್ರಕ್ಕೆ ಹೋಗಿಲ್ಲ ದೋಸ್ತ, ಮನೆಯ ಕಟ್ಟೆ ಮೇಲೇ ಕೂತಿದ್ದೆ. ನೆಟ್ ಬಂದಿದೆಯಾ ಅಂದರೆ, ಸರ್ಕಾರದ ಲೆಕ್ಕದಲ್ಲಿ ಬಂದು ಎಷ್ಟೋ ವರ್ಷ ಆಯಿತು.

ನಮ್ಮೂರು ರಾಯಚೂರು ತಾಲ್ಲೂಕು, ತುಂಗಭದ್ರೆಯ ಈ ದಡ. ಆ ದಡ ಆಂಧ್ರ. ನೀವೆಲ್ಲ ಮಂತ್ರಾಲಯಕ್ಕೆ ಬಂದು ಅಲ್ಲಿಂದ ಆಟೋದಲ್ಲಿ ಪಂಚಮುಖಿಗೆ ಹೋಗಿ ಬರ್ತೀರಲ್ಲ, ಆಗ ಹೊಳೆ ದಾಟಿ ಕರ್ನಾಟಕಕ್ಕೆ ಬಂದಿದ್ದು ನಿಮಗೆ ಗೊತ್ತೇ ಆಗಿರಲ್ಲ. ನಮ್ಮ ಫೋನಿನ ಕಥೆಯೂ ಅಷ್ಟೇ. ಅದಕ್ಕೆ ಗಡಿ ಗೊತ್ತಿಲ್ಲ. ಬೇಸಿಗೆಯಲ್ಲಿ ಹೊಳೆ ಬತ್ತಿ ಬರೀ ಮರಳು, ನಡುವೆ ಮರ ಗಿಡ ಏನೂ ಇಲ್ಲ, ಆ ದಡದ ಟವರಿನ ಸಿಗ್ನಲ್ ನೇರ ನಮ್ಮ ಮನೆಯೊಳಗೆ ಬರುತ್ತದೆ. ನಮ್ಮ ಕಡೆಯ ಟವರ್ ದೂರ. ಸಿಮ್ ಕರ್ನಾಟಕದ್ದು, ಟವರ್ ಆಂಧ್ರದ್ದು, ಕೂತವನು ಕನ್ನಡದವನು. ರೋಮಿಂಗ್ ದುಡ್ಡು ಈಗ ಹೋಗಲ್ಲ, ಅದೊಂದು ಪುಣ್ಯ.

ಮೊದಲು ಕೇಬಲ್ಲಿನ ಮಾತು ಮುಗಿಸಿಬಿಡುತ್ತೇನೆ. ದೇಶದ ಸುಮಾರು 2.5 ಲಕ್ಷ ಪಂಚಾಯಿತಿಗಳಿಗೆ ಆಪ್ಟಿಕಲ್ ಫೈಬರ್ ಎಳೆಯಬೇಕು ಅಂತ 2011ರಲ್ಲಿ ಕೇಂದ್ರ ಸರ್ಕಾರ ಒಪ್ಪಿತು. ಮುಂದೆ ಅದಕ್ಕೇ ಭಾರತ್‌ನೆಟ್ ಅಂತ ಹೆಸರಾಯಿತು. ದುಡ್ಡು ಎಲ್ಲಿಂದ ಅಂದರೆ, ಟೆಲಿಕಾಂ ಕಂಪನಿಗಳ ಆದಾಯದಲ್ಲಿ ನೂರಕ್ಕೆ 5 ರೂಪಾಯಿ ಒಂದು ನಿಧಿಗೆ ಹೋಗುತ್ತದೆ. ಅಂದರೆ ನಿನ್ನ ರೀಚಾರ್ಜಿನದೂ ಅದರಲ್ಲಿದೆ, ನಮ್ಮವ್ವನ ರೀಚಾರ್ಜಿನದೂ ಇದೆ. ಯಾರೋ ನಮಗೆ ದಾನ ಕೊಡುತ್ತಿಲ್ಲ, ಅಲ್ವಾ? ಪಂಚಾಯಿತಿ ಕಚೇರಿಯ ಗೋಡೆಗೆ ಪೆಟ್ಟಿಗೆ ಬಂತು, ದೀಪ ಹತ್ತಿತು, ಲೆಕ್ಕದಲ್ಲಿ ಒಂದು ಪಂಚಾಯಿತಿ ಜಾಸ್ತಿಯಾಯಿತು. ಆದರೆ ಎಣಿಸಿದ್ದು ಪಂಚಾಯಿತಿಯನ್ನ, ಊರನ್ನಲ್ಲ. ಒಂದು ಪಂಚಾಯಿತಿಗೆ ನಾಲ್ಕೈದು ಊರು ಇರುತ್ತವೆ, ನಮ್ಮದು ಕಚೇರಿ ಇಲ್ಲದ ಊರು. ಸಾಲದ್ದಕ್ಕೆ ಕೇಬಲ್ ಹೋಗಿದ್ದು ಒಂದೇ ದಾರಿಯಲ್ಲಿ. ರಸ್ತೆ ಅಗಲ ಮಾಡಲು ಬಂದ ಜೆಸಿಬಿ ಒಂದು ಸಲ ಕಡಿದರೆ ಮುಂದಿನವರೆಲ್ಲ ಕತ್ತಲೆ. 2023ರಲ್ಲಿ 1.39 ಲಕ್ಷ ಕೋಟಿ ರೂಪಾಯಿಯ ಹೊಸ ಯೋಜನೆ ಮಾಡಿದ್ದಾರೆ. ಕೇಬಲ್ಲನ್ನು ಉಂಗುರದ ಹಾಗೆ ಸುತ್ತು ಹಾಕುತ್ತಾರಂತೆ, ಒಂದು ಕಡೆ ಕಡಿದರೆ ಇನ್ನೊಂದು ಕಡೆಯಿಂದ ಬರಲಿ ಅಂತ. ಕಚೇರಿ ಇಲ್ಲದ ಊರುಗಳಿಗೂ ಕೇಳಿದರೆ ಕೊಡಬೇಕು ಅಂತಿದೆ. ನಾವು ಕೇಳಿದ್ದೇವೆ.

ನನ್ನ ಜಗಳ ಇದಲ್ಲ. ನಕ್ಷೆಯದು.

ಯಾವ ಊರಿಗೆ ಸಿಗ್ನಲ್ ಇದೆ ಅನ್ನೋ ನಕ್ಷೆಯನ್ನು ಎಲ್ಲ ಮೊಬೈಲ್ ಕಂಪನಿಗಳೂ ಜನರಿಗೆ ಕಾಣುವ ಹಾಗೆ ಹಾಕಬೇಕು ಅಂತ ಟೆಲಿಕಾಂ ನಿಯಂತ್ರಣ ಸಂಸ್ಥೆ ಟ್ರಾಯ್ 2024ರಲ್ಲಿ ನಿಯಮ ಮಾಡಿತು. ಒಳ್ಳೆಯದೇ. ನೋಡಿದೆ. ನಮ್ಮೂರಿಗೆ ಬಣ್ಣ ಹಚ್ಚಿದ್ದಾರೆ, ಅದೂ 4ಜಿ ಬಣ್ಣ. ಸಂತೋಷಪಟ್ಟು ಒಳಗೆ ಹೋದರೆ ಫೋನಿನಲ್ಲಿ ಒಂದು ಕಡ್ಡಿ. ದೂರು ಕೊಡೋಣ ಅಂತ ಫೋನ್ ಮಾಡಿದರೆ ಆ ಹುಡುಗ ಕಂಪ್ಯೂಟರ್ ನೋಡಿ, "ಸರ್, ನೀವಿರೋ ಟವರ್ ಆಂಧ್ರ ಸರ್ಕಲ್ಲಿಗೆ ಸೇರುತ್ತೆ, ಅಲ್ಲಿಗೆ ಕೇಳಿ" ಅಂತಾನೆ. ಅಲ್ಲಿಗೆ ಕೇಳಿದರೆ, "ಮೀದಿ ಕರ್ನಾಟಕ ನಂಬರ್ ಕದಾ", ನಿಮ್ಮದು ಕರ್ನಾಟಕದ ನಂಬರಲ್ವಾ ಅಂತಾಳೆ ಅಲ್ಲಿಯವಳು. ಸರ್ಕಲ್ ಅಂದರೆ ಫೋನ್ ಸೇವೆಗೆ ಅಂತ ದೇಶವನ್ನು ಹಂಚಿರೋ ಭಾಗ. ಟೆಲಿಕಾಂ ಲೆಕ್ಕದಲ್ಲಿ ಆಂಧ್ರ, ತೆಲಂಗಾಣ ಇವತ್ತಿಗೂ ಒಂದೇ ಸರ್ಕಲ್. ಎರಡು ರಾಜ್ಯ ಅಲ್ಲಿ ಒಂದಾಗಿ ಕೂತಿವೆ, ಒಂದೇ ರಾಜ್ಯದ ನಾನು ಇಲ್ಲಿ ಎರಡಾಗಿದ್ದೇನೆ. ಮೂರು ಸಲ ದೂರು ಕೊಟ್ಟೆ. ಮೂರು ಸಲವೂ "ನಿಮ್ಮ ದೂರು ಪರಿಹಾರವಾಗಿದೆ" ಅಂತ ಮೆಸೇಜ್ ಬಂತು. ಆ ಮೆಸೇಜ್ ಓದೋಕೂ ಮಾಳಿಗೆ ಹತ್ತಬೇಕಾಯಿತು.

ಸುಮ್ನೆ ವಿಡಿಯೋ ನೋಡೋಕೆ ನೆಟ್ ಕೇಳುತ್ತಿದ್ದೇನೆ ಅಂದುಕೋಬೇಡ. ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟಿನ ಮಷೀನಿಗೂ ಇದೇ ಸಿಗ್ನಲ್ ಬೇಕು. ತಿಂಗಳಿಗೊಂದು ಸಲ ಮಷೀನನ್ನು ಗುಡಿಯ ಮೆಟ್ಟಿಲ ಮೇಲೆ ತಂದಿಡುತ್ತಾರೆ, ಅಲ್ಲಿ ಸ್ವಲ್ಪ ಹಿಡಿಯುತ್ತದೆ. ಹತ್ತಿ ಬಿಡಿಸಿ ಬಿಡಿಸಿ ಬೆರಳ ಗೆರೆ ಸವೆದ ಮುದುಕಿಯರು ಬಿಸಿಲಿನಲ್ಲಿ ಕೂತಿರುತ್ತಾರೆ. ಬೆರಳು ಹತ್ತಿದರೆ ಸರ್ವರ್ ಇಲ್ಲ, ಸರ್ವರ್ ಬಂದರೆ ಬೆರಳು ಹತ್ತಲ್ಲ. ನಕ್ಷೆಯಲ್ಲಿ ಆ ಮೆಟ್ಟಿಲಿಗೂ ಅದೇ ಬಣ್ಣ.

ಇನ್ನು ಆಂಧ್ರದವನಾ ಅಂತ ಕೇಳಿದೆಯಲ್ಲ, ಅದು ಸ್ವಲ್ಪ ಚುಚ್ಚಿತು. ನಮ್ಮ ತಾತ ನಿಜಾಮನ ಕಾಲದಲ್ಲಿ ಉರ್ದು ಕಲಿತು, ಮನೆಯಲ್ಲಿ ಕನ್ನಡ ಆಡಿ, 1956ರಲ್ಲಿ ರಾಯಚೂರು ಮೈಸೂರು ರಾಜ್ಯಕ್ಕೆ ಬಂದಾಗ ಊರಿಗೆಲ್ಲ ಸಕ್ಕರೆ ಹಂಚಿದವರು. ನಮ್ಮವ್ವ ತರಕಾರಿಯವನ ಹತ್ತಿರ ತೆಲುಗಿನಲ್ಲಿ ಚೌಕಾಸಿ ಮಾಡಿ, ಬಟ್ಟೆ ಅಂಗಡಿಯಲ್ಲಿ ಉರ್ದು ಆಡಿ, ಬಂದು ಕನ್ನಡದಲ್ಲಿ ನನ್ನನ್ನು ಬೈಯುತ್ತಾಳೆ. ಮೂರು ಭಾಷೆ ಬರುವುದು ನಮಗೆ ಕೊರತೆಯಲ್ಲ. ಹೊಳೆಯಾಚೆ ಮದುವೆ ಸಂಬಂಧವೂ ಇದೆ, ಜಗಳವೂ ಇದೆ. ಆದರೆ ಬೆಂಗಳೂರಿನಲ್ಲಿ ಕೂತು ನೀವು ರಾಯಚೂರು ಅಂದ ಕೂಡಲೇ "ಓ, ಆಂಧ್ರ ಕಡೆ" ಅಂತೀರಿ, ಆ ಸಿಗ್ನಲ್ ಯಾವ ಟವರಿನದು ಅಂತ ಗೊತ್ತಿಲ್ಲ ನನಗೆ. ನಿಮ್ಮ ಮನೆಯ ಕರೆಂಟಿನಲ್ಲಿ ನಮ್ಮ ಶಕ್ತಿನಗರದ ವಿದ್ಯುತ್ ಸ್ಥಾವರದ್ದೂ ಸೇರಿದೆ, ಅದನ್ನಾದರೂ ನೆನೆಸಿಕೋ.

ಇರಲಿ. ಭಾನುವಾರ ಸಂಜೆ ಮತ್ತೆ ಫೋನ್ ಮಾಡು. ತೆಲುಗು ಬಂದರೆ ಹೆದರಬೇಡ, ಹತ್ತು ನಿಮಿಷ ಬಿಟ್ಟು ಇನ್ನೊಂದು ಸಲ ಮಾಡು. ಅಷ್ಟರಲ್ಲಿ ಮಾಳಿಗೆ ಹತ್ತಿ, ನೀರಿನ ಟ್ಯಾಂಕಿನ ಹಿಂದೆ, ಹೊಳೆಗೆ ಬೆನ್ನು ಮಾಡಿ ನಿಂತಿರುತ್ತೇನೆ. ಅಲ್ಲಿ ಕರ್ನಾಟಕ ಹಿಡಿಯುತ್ತದೆ.