ಆಂಟಿಬಯಾಟಿಕ್ ಸೇವಿಸಿದ ನಂತರ ತುರಿಕೆ, ಬಿಳಿಸೆರಗು

ಕೆಮ್ಮಿಗೆಂದು ಐದು ದಿನ ಆಂಟಿಬಯಾಟಿಕ್ ಸೇವಿಸಿದ ಮೇಲೆ ತುರಿಕೆಯೂ ಒಡೆದ ಮೊಸರಿನಂತಹ, ವಾಸನೆಯಿಲ್ಲದ ಬಿಳಿಸೆರಗೂ ಆರಂಭವಾಯಿತೆಂದು ನೀವು ಬರೆದಿರುವುದರಿಂದ, ಇದು ಬಹುಮಟ್ಟಿಗೆ ಕ್ಯಾಂಡಿಡಾ ಎಂಬ ಶಿಲೀಂಧ್ರದ ಸೋಂಕು; ಯೋನಿಯ ಆಮ್ಲೀಯತೆಯನ್ನು ಕಾಯುವ ಲ್ಯಾಕ್ಟೋಬ್ಯಾಸಿಲಸ್ ಎಂಬ ಒಳ್ಳೆಯ ಬ್ಯಾಕ್ಟೀರಿಯಾಗಳು ಔಷಧಿಯಿಂದ ಕಡಿಮೆಯಾದಾಗ ಅದು ಹೆಚ್ಚುತ್ತದೆ. ಆದರೆ ಪರೀಕ್ಷಿಸದೆ ಖಚಿತವಾಗಿ ಹೇಳಲಾಗದು. ತೆಳುವಾದ ಬೂದು ಸ್ರಾವಕ್ಕೆ ಮೀನಿನ ವಾಸನೆಯಿದ್ದರೆ ಬ್ಯಾಕ್ಟೀರಿಯಲ್ ವಜೈನೋಸಿಸ್, ಹಳದಿ-ಹಸಿರು ನೊರೆಯಿದ್ದರೆ ಟ್ರೈಕೊಮೋನಿಯಾಸಿಸ್ ಎಂಬ ಬೇರೆ ತೊಂದರೆ ಇರಬಹುದು; ಅವುಗಳ ಔಷಧಿಯೇ ಬೇರೆ.

ಮೊದಲು ನೀವು ಬಳಸುತ್ತಿರುವ ಇಂಟಿಮೇಟ್ ವಾಶ್ (ಗುಪ್ತಾಂಗ ತೊಳೆಯುವ ದ್ರವ) ನಿಲ್ಲಿಸಿ, ಹೊರಭಾಗಕ್ಕೆ ಬರಿಯ ನೀರು ಸಾಕು. ತುರಿಕೆಗೆಂದು ಔಷಧಿ ಅಂಗಡಿಯವರು ಕೊಟ್ಟ ಮುಲಾಮಿನ ಟ್ಯೂಬಿನ ಮೇಲೆ ಕ್ಲೋಬೆಟಾಸೋಲ್ ಎಂದಿದ್ದರೆ ಅದು ಸ್ಟೀರಾಯ್ಡ್, ಹಚ್ಚಬೇಡಿ. ನಾನು ಹಾಗೆ ಹಚ್ಚಿಕೊಂಡಾಗ ತುರಿಕೆ ಅಡಗಿತು, ಸೋಂಕು ಹಾಗೆಯೇ ಉಳಿಯಿತು.

ಬಳಿಕ ಸ್ತ್ರೀರೋಗ ತಜ್ಞರನ್ನಾಗಲಿ, ಜಿಲ್ಲಾ ಆಸ್ಪತ್ರೆಯಲ್ಲಿ ಇಂತಹ ಸೋಂಕುಗಳನ್ನು ನೋಡುವ ಉಚಿತ ಸುರಕ್ಷಾ ಕ್ಲಿನಿಕ್ಕಿನವರನ್ನಾಗಲಿ ಕಾಣಿ. ಶಿಲೀಂಧ್ರದ ಸೋಂಕೇ ಆಗಿದ್ದರೆ ಸಾಮಾನ್ಯವಾಗಿ ಯೋನಿಯೊಳಗೆ ಇಡುವ ಕ್ಲೋಟ್ರಿಮಜೋಲ್ ಮಾತ್ರೆಯನ್ನು ಅಥವಾ ನುಂಗಲು 150 ಮಿ.ಗ್ರಾಂ. ಫ್ಲುಕೋನಜೋಲಿನ ಒಂದೇ ಮಾತ್ರೆಯನ್ನು ಬರೆದುಕೊಡುತ್ತಾರೆ. ಮುಟ್ಟು ತಪ್ಪಿದ್ದರೆ ಅದನ್ನು ಮೊದಲೇ ತಿಳಿಸಿ, ಏಕೆಂದರೆ ಗರ್ಭಿಣಿಯರಿಗೆ ಫ್ಲುಕೋನಜೋಲ್ ಸಲ್ಲದು. ಜ್ವರ ಅಥವಾ ಕೆಳಹೊಟ್ಟೆಯ ನೋವು ಕಾಣಿಸಿಕೊಂಡರೆ ಅಂದೇ ಹೋಗಿ. ವರ್ಷದಲ್ಲಿ ಮೂರ್ನಾಲ್ಕು ಸಲ ಮರುಕಳಿಸಿದರೆ ರಕ್ತದ ಸಕ್ಕರೆಯನ್ನೂ ಪರೀಕ್ಷಿಸುವಂತೆ ಕೇಳಿ.